ಸೆಕೆಂಡ್ ಹ್ಯಾಂಡ್ ಆರ್‌ಓ ಮಷಿನ್ ನೀರನ್ನು ಮೀನಿಗೆ ಹಾಕುವ ಮುಂಚೆ ಮಷಿನ್ ಕವರ್ ಬಿಚ್ಚಿ ನೋಡಿ

ನಮ್ಮ ಮನೆ ಅಕ್ವೇರಿಯಂನಲ್ಲಿ ಒಂಬತ್ತು ದಿನದಲ್ಲಿ ಹತ್ತೊಂಬತ್ತು ಜೀವ ಹೋದವು. ರೋಗ ಬಂದಿರಲಿಲ್ಲ. ನೀರು ಹೊಲಸಾಗಿರಲಿಲ್ಲ, ಕನ್ನಡಿ ಹಾಗಿತ್ತು. ನೀರಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ 55. ಆ 55 ನೋಡಿಯೇ ನಾನು ಮೋಸಹೋದೆ.

ನಮ್ಮದು ರಾಯಚೂರು. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ನಮ್ಮ ಮನೆಗೆ ಮಾತ್ರ ಬೋರ್ ನೀರೇ ಗತಿ. ಅದರ ಟಿಡಿಎಸ್ 1150. ಬಕೆಟ್ ಒಣಗಿದರೆ ಬಿಳಿ ಪದರ. ಟ್ಯಾಂಕಿನ ಗಾಜಿಗೂ ಅದೇ ಬಿಳಿ ಗೆರೆ, ಬ್ಲೇಡ್ ಹಾಕಿ ಕೆರೆದರೂ ಪೂರ್ತಿ ಹೋಗಲ್ಲ. ಇಂಥ ಸವಳು ನೀರಲ್ಲಿ ಮೋಲಿ, ಗಪ್ಪಿ ಆರಾಮಾಗಿರುತ್ತವೆ. ಆದರೆ ನನಗೆ ನಿಯಾನ್ ಟೆಟ್ರಾ ಹುಚ್ಚು. ಅದು ಅಮೆಜಾನ್ ಕಡೆಯ ಮೀನು, ಮೆದು ನೀರಿನದು. ಎರಡು ಸಲ ತಂದು ಎರಡು ಸಲವೂ ಕಳೆದುಕೊಂಡ ಮೇಲೆ ಮೀನಿನ ಅಂಗಡಿಯವರು ಹೇಳಿದರು: "ಸರ್, ಆರ್‌ಓ ನೀರು ಹಾಕ್ರಿ, ಇಲ್ಲಾಂದ್ರ ಟೆಟ್ರಾ ಬಿಡ್ರಿ." ಮೀನಿಗಂತಲೇ ಬರುವ ಸಾದಾ ಮೂರು ಹಂತದ ಮಷಿನ್‌ಗೆ ಆರು ಸಾವಿರ ಅಂದರು. ನನಗೆ ಜಾಸ್ತಿ ಅನ್ನಿಸಿತು.

ನಮ್ಮ ಊರಲ್ಲಿ ಹಳೇ ಆರ್‌ಓ ಸಿಗುವುದು ಕಷ್ಟವೇನಲ್ಲ. 2022ರಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಎಲ್ಲರಿಗೂ ಹೆದರಿಕೆ ಹತ್ತಿತ್ತು. ನಮ್ಮ ಓಣಿಯಲ್ಲೇ ಎಷ್ಟೋ ಮನೆಯವರು ಸಾಲ ಮಾಡಿ ಮಷಿನ್ ಹಾಕಿಸಿದರು. ಈಗ ಅವರಲ್ಲಿ ಕೆಲವರು ಕ್ಯಾನ್ ನೀರಿಗೆ ವಾಪಸ್ ಬಂದಿದ್ದಾರೆ, ಮಷಿನ್ ಅಟ್ಟ ಸೇರಿದೆ. ನಾನು ತಂದದ್ದೂ ಅಂಥದ್ದೇ. ಸ್ಟೇಷನ್ ರೋಡ್ ಕಡೆಯ ಒಂದು ಮನೆಯಿಂದ, 2,200 ರೂಪಾಯಿಗೆ. "ಎರಡು ವರ್ಷ ನಾವೇ ಕುಡಿದೀವಿ, ಏನೂ ಆಗಿಲ್ರಿ" ಅಂದರು ಆ ಮನೆಯ ಅಕ್ಕ. ಅವರು ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದು ಓದಿದವರು ಅವರನ್ನೇ ಬೈಯುತ್ತಾರೆ.

ತಂದು ಜೋಡಿಸಿದಾಗ ನೀರು ಕೊಳೆತ ಮೊಟ್ಟೆ ವಾಸನೆ. ಎಂಟು ತಿಂಗಳು ಸುಮ್ಮನೆ ಬಿದ್ದಿದ್ದ ಮಷಿನ್, ಒಳಗೆ ನಿಂತ ನೀರು. ಫಿಲ್ಟರ್ ಸೆಟ್ಟಿಗೆ 700 ಹೋಯಿತು. ಅಷ್ಟು ದಿನ ಸುಮ್ಮನೆ ಬಿದ್ದ ಮೆಂಬ್ರೇನ್, ಅಂದರೆ ಲವಣ ತಡೆಯುವ ಪೊರೆ, ಮತ್ತೆ ಸರಿಹೋಗುವ ಗ್ಯಾರಂಟಿ ಇಲ್ಲ ಅಂತ ರಿಪೇರಿ ಹುಡುಗ ಹೊಸದು ಹಾಕಿದ, 1,400. ಪಂಪ್ ಒಂದೇ ವಾರಕ್ಕೆ ಗೊರಗೊರ ಅಂದು ನಿಂತಿತು, 1,200. ಲೆಕ್ಕ ಹಾಕಿ, ಐದೂವರೆ ಸಾವಿರ. ಅಂಗಡಿಯ ಹೊಸ ಮಷಿನ್‌ಗೂ ಇದಕ್ಕೂ ಐನೂರು ರೂಪಾಯಿ ಅಂತರ.

ಇಷ್ಟಾದರೂ ಟಿಡಿಎಸ್ 180ಕ್ಕಿಂತ ಕೆಳಗೆ ಇಳಿಯಲಿಲ್ಲ. ಹುಡುಗ ಮೆಂಬ್ರೇನ್ ಪಕ್ಕದ ಒಂದು ಪುಟ್ಟ ತಿರುಪು ತೋರಿಸಿದ. ಅದಕ್ಕೆ ಟಿಡಿಎಸ್ ಕಂಟ್ರೋಲರ್ ಅಂತಾರೆ. ಕುಡಿಯಲು ನೀರು ಸಪ್ಪೆ ಆಗಬಾರದು ಅಂತ ಸ್ವಲ್ಪ ಹಸಿ ನೀರನ್ನೇ ಶುದ್ಧ ನೀರಿಗೆ ಬೆರೆಸುವ ವ್ಯವಸ್ಥೆ. ತಿರುಪು ಬಿಗಿ ಮಾಡಿದ, 55ಕ್ಕೆ ಬಂತು. ನಾನು ಕುಣಿದಾಡಿದೆ. ಆಗಲೇ ಅಡುಗೆಮನೆಯ ಮಷಿನ್ ಅಂದರೆ ಒಳಗೆ ಇನ್ನೂ ಏನೇನಿದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ನಮ್ಮದು ಮೂರು ಅಡಿ ಟ್ಯಾಂಕ್, ಸುಮಾರು 120 ಲೀಟರ್. ಹನ್ನೆರಡು ಟೆಟ್ರಾ, ಮೂರು ಏಂಜಲ್, ಹತ್ತು ಚೆರ್ರಿ ಸಿಗಡಿ, ಎರಡು ಬಸವನಹುಳು. ಎರಡು ವಾರ ಸ್ವಲ್ಪಸ್ವಲ್ಪವೇ ಆರ್‌ಓ ನೀರು ಸೇರಿಸುತ್ತಾ ಬಂದೆ. ಮೊದಲು ಬಸವನಹುಳು ಚಿಪ್ಪಿನ ಬಾಗಿಲು ಹಾಕಿಕೊಂಡು ಬಿದ್ದವು. ಮಲಗಿರಬೇಕು ಅಂದುಕೊಂಡೆ. ಮರುದಿನ ಸಿಗಡಿಗಳೆಲ್ಲ ಫಿಲ್ಟರ್ ಪೈಪ್ ಹತ್ತಿ ನೀರಿನ ಮೇಲ್ಮಟ್ಟಕ್ಕೆ ಬಂದು ಕೂತಿದ್ದವು, ಹೊರಗೆ ಹಾರಲು ಕಾಯುತ್ತಿರುವ ಹಾಗೆ. ಬೆಳಗ್ಗೆ ನೋಡಿದರೆ ನಾಲ್ಕು ಕೆಳಗೆ ಬಿದ್ದಿದ್ದವು, ಕುದಿಸಿದ ಹಾಗೆ ಬಿಳಿಚಿಕೊಂಡು. ಟೆಟ್ರಾಗಳು ಒಂದು ಮೂಲೆಗೆ ಸೇರಿ ಕಿವಿರು ಬಡಿಯುತ್ತಿದ್ದವು. ಆ ನೀಲಿ ಗೆರೆ ಮಸುಕಾಗಿಹೋಗಿತ್ತು.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ಮೀನು ಸಾಯುತ್ತಿದ್ದರೆ ಯಾರೇ ಆಗಲಿ ಮೊದಲು ಹೇಳುವುದು ಏನು? ನೀರು ಬದಲಿಸಿ ಅಂತ. ಮೀನಿನ ಹೊಲಸಿನಿಂದ ಅಮೋನಿಯಾ ಏರಿರಬೇಕು ಅಂದುಕೊಂಡು ದಿನಕ್ಕೆ 40 ಲೀಟರ್ ಬದಲಿಸಿದೆ. ಅದೇ ಮಷಿನ್ ನೀರಿನಿಂದ. ಬದಲಿಸಿದಷ್ಟೂ ಸತ್ತವು. ಸತ್ತಷ್ಟೂ ಬದಲಿಸಿದೆ.

ವಿಷಯ ಗೊತ್ತಾಗಿದ್ದು ಅವ್ವನಿಂದ. ಒಂಬತ್ತನೇ ದಿನ ಮಷಿನ್ ಕವರ್ ಬಿಚ್ಚಿ ಕೂತಿದ್ದೆ. ಅವ್ವ ಚಹಾ ಕೊಡಲು ಬಂದವರು ಒಳಗೆ ಬಗ್ಗಿ ನೋಡಿದರು. "ಇದರ ಮ್ಯಾಲೆ ತಾಮ್ರದ ತಂಬಿಗೆ ಚಿತ್ರ ಅದಲ್ಲೋ?" ಮೆಂಬ್ರೇನ್ ಆದ ಮೇಲೆ, ನಳಕ್ಕೆ ಹೋಗುವ ಮುಂಚೆ, ಗೇಣುದ್ದದ ಒಂದು ಕಾರ್ಟ್ರಿಜ್. ಸ್ಟಿಕರ್ ಅರ್ಧ ಹರಿದಿತ್ತು, ತಂಬಿಗೆ ಚಿತ್ರ ಉಳಿದಿತ್ತು. ತಾಮ್ರದ ಪಾತ್ರೆಯ ನೀರು ಆರೋಗ್ಯಕ್ಕೆ ಒಳ್ಳೇದು ಅಂತ ನಮ್ಮಲ್ಲಿ ನಂಬಿಕೆ ಇದೆಯಲ್ವಾ, ಅದಕ್ಕೇ ಮನೆ ಬಳಕೆಯ ಎಷ್ಟೋ ಆರ್‌ಓಗಳಲ್ಲಿ ಬೇಕಂತಲೇ ನೀರಿಗೆ ತಾಮ್ರ ಸೇರಿಸುತ್ತಾರೆ. ರಾತ್ರಿಯಿಡೀ ಅದರಲ್ಲೇ ನಿಂತ ನೀರು ಬೆಳಗ್ಗೆ ಮೊದಲು ಬರುತ್ತದೆ, ತಾಮ್ರ ಜಾಸ್ತಿ ಇರುವುದೂ ಅದರಲ್ಲೇ. ನಾನು ಟ್ಯಾಂಕಿಗೆ ನೀರು ಹಿಡಿಯುತ್ತಿದ್ದದ್ದು ಬೆಳಗ್ಗೆ ಆರಕ್ಕೆ.

ಮನುಷ್ಯರಿಗೆ ಇದು ತೊಂದರೆಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ತಾಮ್ರ ಇರಬಹುದು, ಬೇರೆ ನೀರು ಸಿಗದಿದ್ದರೆ 1.5ರ ತನಕವೂ ನಡೆಯುತ್ತದೆ ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡವೇ ಹೇಳುತ್ತದೆ. ಸಿಗಡಿ, ಬಸವನಹುಳುಗಳಿಗೆ ಅದರ ಸಣ್ಣ ಪಾಲೂ ವಿಷ. ಮೀನಿನ ಬಿಳಿ ಚುಕ್ಕಿ ರೋಗದ ಕೆಲವು ಔಷಧಿ ಬಾಟಲಿ ಮೇಲೆ ಸಿಗಡಿ ಇದ್ದರೆ ಹಾಕಬೇಡಿ ಎಂದಿರುತ್ತದೆ. ಅದರೊಳಗಿರುವುದೂ ತಾಮ್ರವೇ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಸವಳು ನೀರಿನ ಸುಣ್ಣದಂಶ ತಾಮ್ರದ ಕಾಟವನ್ನು ಸ್ವಲ್ಪ ತಡೆಯುತ್ತದೆ. ನಾನು ಕಷ್ಟಪಟ್ಟು ನೀರು ಮೆದು ಮಾಡಿ ಆ ತಡೆಯನ್ನೂ ಕಿತ್ತುಹಾಕಿದ್ದೆ.

ತಾಮ್ರದ ಟೆಸ್ಟ್ ಕಿಟ್ ತರಿಸಿ ನೋಡಿದಾಗ ಬಣ್ಣ 0.25ರ ಗೆರೆಗೆ ಬಂತು. ಟಿಡಿಎಸ್ ಮೀಟರ್ ಆಗಲೂ 55 ಅಂತಲೇ ಅನ್ನುತ್ತಿತ್ತು. ಅದು ನೋಡುವುದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ಅಷ್ಟೇ. ಒಳಗಿರುವುದು ಸುಣ್ಣವೋ ತಾಮ್ರವೋ ಅದಕ್ಕೆ ಗೊತ್ತಿಲ್ಲ.

ಹಳೇ ಅಡುಗೆಮನೆ ಆರ್‌ಓ ತರಲೇಬೇಕು ಅಂತಿದ್ದರೆ ಕವರ್ ಬಿಚ್ಚಿಸಿ, ಮೆಂಬ್ರೇನ್‌ನಿಂದ ಹೊರಬರುವ ಪೈಪನ್ನು ಬೆರಳಲ್ಲಿ ಹಿಡಿದುಕೊಂಡೇ ಹೋಗಿ. ಮಿನರಲ್, ಆಲ್ಕಲೈನ್, ಕಾಪರ್, ಏನೇ ಡಬ್ಬಿ ಸಿಕ್ಕರೂ ಅದು ನಿಮ್ಮ ಮೀನಿಗಲ್ಲ. ಮೆಂಬ್ರೇನ್ ಆದ ಕೂಡಲೇ ಅಲ್ಲೇ ಪೈಪ್ ಕತ್ತರಿಸಿ ನೀರು ತಗೊಳ್ಳಿ. ಮೊದಲ ಹತ್ತಿಪ್ಪತ್ತು ನಿಮಿಷದ ನೀರು ಚೆಲ್ಲಿ. ಬರೀ ಆರ್‌ಓ ನೀರನ್ನೂ ಹಾಕಬೇಡಿ, ಅದರಲ್ಲಿ ಏನೂ ಇರಲ್ಲ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಯಾವಾಗ ಬೇಕಾದರೂ ಕುಸಿಯಬಹುದು. ನಾನೀಗ ಐದು ಪಾಲು ಆರ್‌ಓಗೆ ಒಂದು ಪಾಲು ಬೋರ್ ನೀರು ಬೆರೆಸುತ್ತೇನೆ, ಟಿಡಿಎಸ್ 230ರ ಆಸುಪಾಸು ಬರುತ್ತದೆ. ಮಷಿನ್ ಹೊರಗೆ ಬಿಡುವ ವೇಸ್ಟ್ ನೀರು ಒಂದು ಲೀಟರಿಗೆ ಮೂರು ಲೀಟರ್. ಬೇಸಿಗೆಯಲ್ಲಿ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೆಲ ಒರೆಸಲು, ಪಾತ್ರೆ ತೊಳೆಯಲು ಹಿಡಿದಿಡುತ್ತೇವೆ.

ಐದು ಟೆಟ್ರಾ, ಮೂರು ಏಂಜಲ್ ಉಳಿದಿವೆ. ತಾಮ್ರ ಕಲ್ಲುಮರಳಿಗೂ ಹತ್ತಿಕೊಳ್ಳುತ್ತದೆ ಅಂತ ಎಲ್ಲ ತೆಗೆದು ಬಿಸಾಕಿದೆ, ಫಿಲ್ಟರ್‌ಗೆ ಹೊಸ ಕಾರ್ಬನ್ ಹಾಕಿದೆ. ಸಿಗಡಿ ಮತ್ತೆ ತರುವ ಧೈರ್ಯ ಇನ್ನೂ ಬಂದಿಲ್ಲ.

ಆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ಹೌದ್ರಿ, ತಾಮ್ರದ್ದು ಅಂತಲೇ ಎರಡು ಸಾವಿರ ಜಾಸ್ತಿ ಕೊಟ್ಟು ತಗೊಂಡಿದ್ವಿ" ಅಂದರು. ಕಾರ್ಟ್ರಿಜ್ ಬಿಸಾಕಲು ಹೋದರೆ ಅವ್ವ ಬಿಡಲಿಲ್ಲ. ಅದೀಗ ಅಡುಗೆಮನೆ ಕಿಟಕಿಯಲ್ಲಿದೆ, ತೊಳೆದು ಒರೆಸಿ ಇಟ್ಟಿದ್ದಾರೆ.