ಸಂಗೀತ ವಿಭಾಗಕ್ಕೊಂದು ಡಿಜಿಟಲ್ ಲೈಬ್ರರಿ: ಒಂದೇ ಕಚೇರಿ, ನಾಲ್ಕು ಸಾಫ್ಟ್‌ವೇರ್

ಕರ್ನಾಟಕ ಸಂಗೀತದ ಒಂದು ಕಚೇರಿ ಎರಡೂವರೆ ಗಂಟೆ ನಡೆಯಿತು ಅಂತಿಟ್ಟುಕೊಳ್ಳಿ. ಅದರಲ್ಲಿ ವರ್ಣ ಇರುತ್ತದೆ. ಐದಾರು ಕೃತಿ, ಒಂದು ದೊಡ್ಡ ಆಲಾಪನೆ, ನೆರವಲ್ (ಹಾಡಿನ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದು), ಸ್ವರಕಲ್ಪನೆ, ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ), ಕೊನೆಗೆ ದೇವರನಾಮ, ಮಂಗಳ. ಎಂ.ಎ. ವಿದ್ಯಾರ್ಥಿನಿಗೆ ಇದರಲ್ಲಿ ಬೇಕಾಗಿರುವುದು ಕಲ್ಯಾಣಿ ರಾಗದ ನೆರವಲ್ ಮಾತ್ರ. ಅದು ಎಷ್ಟನೇ ನಿಮಿಷದಲ್ಲಿದೆ ಎಂದು ಲೈಬ್ರರಿ ಅವಳಿಗೆ ಹೇಳಬೇಕು. ಪಿಎಚ್‌.ಡಿ. ಮಾಡುವವರ ಬೇಡಿಕೆ ಬೇರೆ. ಸಂಗ್ರಹದಲ್ಲಿರುವ ಎಲ್ಲ ಕಲ್ಯಾಣಿಗಳೂ ಅವರಿಗೆ ಬೇಕು. ಹಾಡಿದ್ದು ಯಾರು, ಪಿಟೀಲು ಯಾರದು, ಮೃದಂಗ ಯಾರದು, ಯಾವ ವರ್ಷ, ಎಲ್ಲವೂ ಬೇಕು.

ಈ ಎರಡು ಬೇಡಿಕೆಗಳನ್ನು ಮುಂದಿಟ್ಟುಕೊಂಡು ನಾನು ಡಿಸ್ಪೇಸ್, ಗ್ರೀನ್‌ಸ್ಟೋನ್, ಅವಲಾನ್, ಒಮೆಕಾ ಎಸ್ ಎಂಬ, ಡಿಜಿಟಲ್ ಲೈಬ್ರರಿ ಕಟ್ಟುವ ನಾಲ್ಕು ಸಾಫ್ಟ್‌ವೇರ್‌ಗಳನ್ನು ಹಾಕಿ ನೋಡಿದೆ. ನಾಲ್ಕೂ ಉಚಿತ. ನಾಲ್ಕಕ್ಕೂ ಒಂದೇ ಸಾಮಗ್ರಿ ಕೊಟ್ಟೆ: ಕ್ಯಾಸೆಟ್ಟಿನಿಂದ ಇಳಿಸಿದ ಒಂದು ಕಚೇರಿ, ಹಿಂದೂಸ್ತಾನಿ ಸಂಗೀತದ ಒಂದು ಖ್ಯಾಲ್ ಬೈಠಕ್, ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಎರಡು ಮುಖ, ಒಂದು ಉಪನ್ಯಾಸ-ಪ್ರಾತ್ಯಕ್ಷಿಕೆ, ಸ್ವರಲಿಪಿಯ ಕೆಲವು ಸ್ಕ್ಯಾನ್ ಪುಟಗಳು. ಪ್ರತಿಯೊಂದರಲ್ಲೂ ಕೇಳಿದ್ದು ಒಂದೇ ಪ್ರಶ್ನೆ. ಒಂದು ರೆಕಾರ್ಡಿಂಗನ್ನು ಒಳಗಿನ ಭಾಗಗಳಾಗಿ ಬಿಡಿಸಲು ಬರುತ್ತದೆಯೇ? ಪ್ರತಿ ಭಾಗಕ್ಕೂ ಅದರದೇ ರಾಗ, ತಾಳ, ರಚನೆ ಅಂಟಿಸಲು ಬರುತ್ತದೆಯೇ? ಉಳಿದ ಸೌಕರ್ಯಗಳೆಲ್ಲ ಆಮೇಲೆ.

ಡಿಸ್ಪೇಸ್ ಮತ್ತು ಗ್ರೀನ್‌ಸ್ಟೋನ್

ಡಿಸ್ಪೇಸ್ ಅನ್ನು ಅಮೆರಿಕದ ಎಂಐಟಿ ಲೈಬ್ರರಿ ಮತ್ತು ಎಚ್‌ಪಿ ಕಂಪನಿ ಸೇರಿ 2002ರಲ್ಲಿ ಹೊರತಂದವು. ನಮ್ಮ ದೇಶದ ಪಿಎಚ್‌.ಡಿ. ಪ್ರಬಂಧಗಳನ್ನು ಇಡುವ ಶೋಧಗಂಗಾ ಕಟ್ಟಿದ್ದು ಇದರ ಮೇಲೆಯೇ. ಹಾಗಾಗಿ ಬಹಳಷ್ಟು ವಿಶ್ವವಿದ್ಯಾಲಯಗಳ ಲೈಬ್ರರಿಯವರಿಗೆ ಇದರ ಪರಿಚಯವಿದೆ. ‘ಇರೋದನ್ನೇ ಬಳಸಿ, ಹೊಸದೇಕೆ’ ಅನ್ನುವ ಮಾತು ಮೊದಲು ಬರುವುದೂ ಅದಕ್ಕೇ. ಆ ಮಾತಿನಲ್ಲಿ ಹುರುಳಿದೆ. ಫೈಲು ಕೆಟ್ಟಿದೆಯೇ ಎಂದು ಚೆಕ್‌ಸಮ್ ಹಾಕಿ ನೋಡುವ ವ್ಯವಸ್ಥೆ ಇದರಲ್ಲೇ ಇದೆ. ಪ್ರತಿ ದಾಖಲೆಗೂ ಬದಲಾಗದ ವೆಬ್ ವಿಳಾಸ ಸಿಗುತ್ತದೆ. ಯಾವ ಗುಂಪಿನವರು ಯಾವ ಫೈಲು ನೋಡಬಹುದು ಎಂದು ಬಿಗಿಯಾಗಿ ಹೇಳಬಹುದು. ಇಪ್ಪತ್ತು ವರ್ಷ ಕಾಪಾಡಬೇಕಾದ ವಸ್ತುವಿಗೆ ಇದು ಗಟ್ಟಿ ಜಾಗ.

ಆದರೆ ಇದು ಪ್ರಬಂಧಗಳಿಗಾಗಿ ಹುಟ್ಟಿದ ವ್ಯವಸ್ಥೆ. ಇಡೀ ಕಚೇರಿ ಒಂದು ‘ಐಟಂ’, ಅದರೊಳಗೆ ಒಂದು ಫೈಲು. ರಾಗ ಎಂಬ ಹೊಸ ಕಾಲಂ ಸೇರಿಸಬಹುದು, ಆದರೆ ಕಚೇರಿಯ ಎಂಟು ರಾಗಗಳೂ ಒಂದೇ ಕಾಲಂನಲ್ಲಿ ಸಾಲಾಗಿ ನಿಲ್ಲುತ್ತವೆ. ಯಾವ ರಾಗ ಯಾವ ಕೃತಿಯದು ಎಂಬ ನಂಟು ತಪ್ಪಿಹೋಗುತ್ತದೆ. 2021ರಲ್ಲಿ ಬಂದ ಏಳನೇ ಆವೃತ್ತಿಯಿಂದ ವಸ್ತುಗಳ ನಡುವೆ ಸಂಬಂಧ ಕಟ್ಟಲು ದಾರಿ ಇದೆ. ಅದನ್ನು ನಮ್ಮ ಸಂಗೀತಕ್ಕೆ ಹೊಂದಿಸಬೇಕಾದರೆ ಸರ್ವರ್‌ನಲ್ಲಿರುವ ಸಂರಚನೆಯ ಫೈಲುಗಳನ್ನು ತಿದ್ದಬೇಕು. ಮೇಷ್ಟ್ರುಗಳು ತಾವೇ ಮಾಡಿಕೊಳ್ಳುವ ಕೆಲಸ ಅದಲ್ಲ.

ಗ್ರೀನ್‌ಸ್ಟೋನ್ ಬಗ್ಗೆ ನನಗೆ ಗೌರವ ಜಾಸ್ತಿ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದವರು ಯುನೆಸ್ಕೋ ಜೊತೆ ಸೇರಿ ಬಡ ದೇಶಗಳ ಲೈಬ್ರರಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬೆಳೆಸಿದ್ದು. ಕನ್ನಡದ ಪರದೆಯೂ ಇದಕ್ಕಿದೆ. ಇಂಟರ್ನೆಟ್ಟೇ ಇಲ್ಲದ ಕೋಣೆಯಲ್ಲೂ ನಡೆಯುತ್ತದೆ. ಗುನುಗಿದ ಧಾಟಿಯಿಂದ ಹಾಡು ಹುಡುಕುವ ಪ್ರಯೋಗವನ್ನು ಇದೇ ವೈಕಾಟೊ ತಂಡ 1990ರ ದಶಕದಲ್ಲೇ ಮಾಡಿತ್ತು. ಸ್ವರಲಿಪಿಯ ಪುಟಗಳು ಇದರಲ್ಲಿ ಚೆನ್ನಾಗಿ ಕೂತವು. ಧ್ವನಿಗೆ ಮಾತ್ರ ಇದು ಸಾಲದು. ಹೊಸದೇನು ಸೇರಿಸಿದರೂ ಸಂಗ್ರಹವನ್ನು ಮತ್ತೆ ‘ಕಟ್ಟಿಸಬೇಕು’. ದಿನಾ ಬೆಳೆಯುವ ಸಂಗ್ರಹಕ್ಕೆ ಅದು ಹೊರೆ.

ಅವಲಾನ್: ಕೇಳುವವರಿಗಾಗಿ ಮಾಡಿದ್ದು

ಅವಲಾನ್ ಬೇರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಸಂಗೀತ ಶಾಲೆಯ ಲೈಬ್ರರಿ 1996ರಲ್ಲೇ ‘ವೇರಿಯೇಷನ್ಸ್’ ಎಂಬ ವ್ಯವಸ್ಥೆ ಶುರು ಮಾಡಿ, ತರಗತಿಗೆ ಬೇಕಾದ ರೆಕಾರ್ಡಿಂಗ್‌ಗಳನ್ನು ಕಂಪ್ಯೂಟರಿನಲ್ಲೇ ಕೇಳಿಸುತ್ತಿತ್ತು. ಆಮೇಲೆ ಅದೇ ಅನುಭವದ ಮೇಲೆ ಇಂಡಿಯಾನಾ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳು ಸೇರಿ ಅವಲಾನ್ ಕಟ್ಟಿದವು. ಸಂಗೀತದ ಪಾಠ ಮಾಡುವವರ ಕಷ್ಟ ಗೊತ್ತಿದ್ದವರು ಮಾಡಿದ್ದು ಎಂದು ಬಳಸುವಾಗಲೇ ತಿಳಿಯುತ್ತದೆ.

ಕಚೇರಿಯ ಫೈಲನ್ನು ಕತ್ತರಿಸುವ ಅಗತ್ಯವೇ ಇಲ್ಲ. ಧ್ವನಿಯ ಅಲೆ ಪರದೆಯ ಮೇಲೆ ಕಾಣುತ್ತದೆ. ಆಲಾಪನೆ ಇಲ್ಲಿಂದ ಇಲ್ಲಿಗೆ, ನೆರವಲ್ ಇಲ್ಲಿಂದ ಇಲ್ಲಿಗೆ ಎಂದು ಗುರುತು ಹಾಕಿದರೆ ಅದೇ ಪರಿವಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಒತ್ತಿದರೆ ಸೀದಾ ಆ ಜಾಗಕ್ಕೆ ಹೋಗುತ್ತದೆ. ಖ್ಯಾಲ್ ಬೈಠಕ್‌ಗೆ ಇದು ಹೇಳಿ ಮಾಡಿಸಿದಂತಿದೆ. ಮುಕ್ಕಾಲು ಗಂಟೆ ಒಂದೇ ರಾಗ ಹರಿಯುವಾಗ ಅದನ್ನು ತುಂಡು ಮಾಡಲು ಮನಸ್ಸು ಬರುವುದಿಲ್ಲ, ಅಲ್ವಾ? ವಿಲಂಬಿತದ (ನಿಧಾನ ಲಯದ) ಬಂದಿಶ್, ಅಂದರೆ ರಚನೆ, ಅದರ ಮಾತುಗಳನ್ನಿಟ್ಟುಕೊಂಡ ಬೋಲ್ ಆಲಾಪ್, ವೇಗದ ದ್ರುತ್ ಎಂದು ಗುರುತಿಟ್ಟರೆ ಸಾಕು.

ಪಾಠಕ್ಕೆ ಇನ್ನೊಂದು ಉಪಕಾರ ಪ್ಲೇಲಿಸ್ಟ್. ಬೇರೆ ಬೇರೆ ರೆಕಾರ್ಡಿಂಗ್‌ಗಳಿಂದ ಎರಡೆರಡು ನಿಮಿಷದ ತುಣುಕುಗಳನ್ನು ಆರಿಸಿ, ಟಿಪ್ಪಣಿ ಬರೆದು, ವಿದ್ಯಾರ್ಥಿಗಳಿಗೆ ಕೊಡಬಹುದು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ದೇವರನಾಮವನ್ನು ಮಧ್ಯಮಾವತಿಯಲ್ಲಿ ಹಾಡಿದ್ದು, ಭೀಮಸೇನ ಜೋಶಿಯವರು ಬೇರೆಯೇ ಧಾಟಿಯಲ್ಲಿ ಹಾಡಿದ್ದು ಒಂದರ ಹಿಂದೊಂದು ಕೇಳಿಸಿದರೆ ಒಂದು ಗಂಟೆಯ ಪಾಠ ಅಲ್ಲೇ ಸಿದ್ಧ. ಮೂಡಲ್‌ನಂಥ ಕಲಿಕಾ ವ್ಯವಸ್ಥೆಗೂ ಇದನ್ನು ಜೋಡಿಸಬಹುದು. ಆ ಕೋರ್ಸಿಗೆ ಸೇರಿದವರಿಗೆ ಮಾತ್ರ, ಅಥವಾ ಕ್ಯಾಂಪಸ್ಸಿನ ನೆಟ್‌ವರ್ಕ್ ಒಳಗಿದ್ದವರಿಗೆ ಮಾತ್ರ ಕೇಳಿಸು ಎಂದೂ ಹೇಳಬಹುದು.

ಕೊರತೆ ಎರಡು. ಒಳಗಿನ ಭಾಗಕ್ಕೆ ಕೊಡುವುದು ಬರೀ ಹೆಸರಿನ ಚೀಟಿ. ‘ಕಲ್ಯಾಣಿ, ಆದಿತಾಳ’ ಎಂದು ಬರೆಯಬಹುದು, ಆದರೆ ರಾಗ, ತಾಳ, ರಚನಕಾರ ಎಂದು ಆ ಭಾಗಕ್ಕೆ ಪ್ರತ್ಯೇಕ ಕಾಲಂಗಳು ಸಿಗುವುದಿಲ್ಲ. ಸಂಶೋಧಕರಿಗೆ ಬೇಕಾದ ಜಾಲ ಇಲ್ಲಿ ಹೆಣೆಯುವುದು ಕಷ್ಟ. ಎರಡನೆಯದು, ಇದರ ಹಿಂದೆ ರೂಬಿ ಆನ್ ರೈಲ್ಸ್, ಫೆಡೋರಾ, ಸೋಲರ್, ಎಫ್‌ಎಫ್‌ಎಂಪೆಗ್ ಎಂಬ ಬೇರೆ ಬೇರೆ ಸಾಫ್ಟ್‌ವೇರ್‌ಗಳೆಲ್ಲವೂ ಓಡುತ್ತಿರಬೇಕು. ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಡುವ ಡಾಕರ್ ಪ್ಯಾಕೇಜಿನಿಂದ ಹಾಕಿ ನೋಡುವುದು ಸುಲಭ. ವರ್ಷಗಟ್ಟಲೆ ನಡೆಸಲು ಲಿನಕ್ಸ್ ಬಲ್ಲ ಒಬ್ಬರು ಕಾಯಂ ಇರಲೇಬೇಕು.

ಒಮೆಕಾ ಎಸ್: ಸಂಬಂಧ ಹೆಣೆಯಲು

ಒಮೆಕಾ ಬಂದದ್ದು ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಿಂದ, 2008ರಲ್ಲಿ. ಒಮೆಕಾ ಎಸ್ ಅದರ ಹೊಸ ರೂಪ, 2017ರದು. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಸಾಧಾರಣ ಸರ್ವರ್ ಸಾಕು. ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುವವರೇ ಇದನ್ನೂ ನೋಡಿಕೊಳ್ಳಬಲ್ಲರು.

ಇದರ ಶಕ್ತಿ ಇರುವುದು ಒಂದು ದಾಖಲೆಯನ್ನು ಇನ್ನೊಂದಕ್ಕೆ ಕೊಂಡಿ ಹಾಕುವುದರಲ್ಲಿ. ನಾನು ಐದು ಬಗೆಯ ದಾಖಲೆ ಮಾಡಿದೆ. ಕಚೇರಿ, ಹಾಡಿಕೆ, ರಚನೆ, ರಾಗ, ಕಲಾವಿದರು. ಒಂದು ಕಚೇರಿಯ ಕೆಳಗೆ ಎಂಟು ಹಾಡಿಕೆ. ಪ್ರತಿ ಹಾಡಿಕೆಯಿಂದ ಒಂದು ರಾಗಕ್ಕೆ, ಒಂದು ರಚನೆಗೆ, ಹಾಡಿದವರಿಗೆ, ಪಕ್ಕವಾದ್ಯದವರಿಗೆ ಕೊಂಡಿ. ಕಲ್ಯಾಣಿ ಎಂಬ ದಾಖಲೆ ತೆರೆದರೆ ಸಂಗ್ರಹದ ಕಲ್ಯಾಣಿಗಳೆಲ್ಲ ಕೆಳಗೆ ತಾವಾಗಿಯೇ ಸಾಲಾಗಿ ಬರುತ್ತವೆ. ಮೃದಂಗ ವಿದ್ವಾಂಸರ ಹೆಸರು ತೆರೆದರೆ ಅವರು ಯಾರ‍್ಯಾರಿಗೆ ನುಡಿಸಿದ್ದಾರೆ ಎಂದು ಕಾಣುತ್ತದೆ. ಪಕ್ಕವಾದ್ಯದವರು ಕ್ಯಾಸೆಟ್ ಲೇಬಲ್ಲಿನ ಸಣ್ಣ ಅಕ್ಷರಗಳಲ್ಲೇ ಉಳಿದುಹೋದ ಕಾಲ ಬಹಳವಾಯಿತು. ಅವರಿಗೂ ಒಂದು ಪುಟ ಸಿಗುವುದು ನನಗೆ ಬಹಳ ಮುಖ್ಯ.

ರಾಗವನ್ನು ರಚನೆಗೆ ಕಟ್ಟಬೇಕೋ ಹಾಡಿಕೆಗೋ ಎಂಬುದನ್ನು ಇಲ್ಲಿ ನಾವೇ ತೀರ್ಮಾನಿಸಬಹುದು. ಪಾಶ್ಚಾತ್ಯ ಸಂಗೀತಕ್ಕಾಗಿ ಮಾಡಿದ ದಾಖಲಾತಿ ಮಾದರಿಗಳು ಮೊದಲು ‘ಕೃತಿ’ (ಮೊದಲೇ ರಚಿಸಿಟ್ಟ ಹಾಡು) ಒಂದಿದೆ ಎಂದುಕೊಂಡು ಹೊರಡುತ್ತವೆ. ತ್ಯಾಗರಾಜರ ಕೀರ್ತನೆಗಳ ಮಟ್ಟಿಗೆ ಅದು ಹೆಚ್ಚುಕಡಿಮೆ ನಡೆಯುತ್ತದೆ, ರಾಗ ಬಹುಪಾಲು ಸ್ಥಿರ. ವಚನ, ದಾಸರ ಪದಗಳಲ್ಲಿ ರಾಗ ಹಾಡುವವರ ಜೊತೆ ಬದಲಾಗುತ್ತದೆ. ತನಿ ಆವರ್ತನಕ್ಕೂ ಬಿಡಿ ಆಲಾಪನೆಗೂ ‘ಕೃತಿ’ ಎಂಬುದೇ ಇಲ್ಲ. ನಾನು ರಾಗ, ತಾಳ ಎರಡನ್ನೂ ಹಾಡಿಕೆಗೇ ಕಟ್ಟಿದೆ. ಎಲ್ಲ ಪ್ರಕಾರಗಳೂ ಅದರಲ್ಲಿ ಕೂತವು.

ಇಲ್ಲಿನ ತೊಂದರೆ ಅಂದರೆ, ಒಂದು ಫೈಲಿನ ನಡುವೆ ಗುರುತು ಹಾಕುವ ಅವಲಾನ್‌ನಂಥ ಸೌಕರ್ಯ ಇದರ ಮೂಲದಲ್ಲಿಲ್ಲ. ಹಾಡಿಕೆಗೊಂದರಂತೆ ಎಂಪಿ3 ಕತ್ತರಿಸಿ ಹಾಕಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಇನ್ನೊಂದು ಎಚ್ಚರಿಕೆ: ದಾಖಲೆಯನ್ನು ಖಾಸಗಿ ಎಂದು ಮಾಡಿದರೂ ಫೈಲಿನ ನೇರ ವಿಳಾಸ ಗೊತ್ತಿದ್ದವರಿಗೆ ಧ್ವನಿ ಸಿಗುತ್ತದೆ. ತಡೆಯಲು ಬೇರೆ ಮಾಡ್ಯೂಲ್ (ಹೆಚ್ಚುವರಿ ಸಾಫ್ಟ್‌ವೇರ್ ತುಣುಕು) ಹಾಕಬೇಕು, ಅಥವಾ ಸರ್ವರನ್ನೇ ಕ್ಯಾಂಪಸ್ಸಿನ ಒಳಗೆ ಇಡಬೇಕು.

ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದ ಮೊದಲ ದಿನದಿಂದ 60 ವರ್ಷ. 1960ರಲ್ಲಿ ಹೊರಬಂದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. 1980ರ ಕ್ಯಾಸೆಟ್ಟಿನದು ಇನ್ನೂ ಇದೆ. ಕಲಾವಿದರ ಹಕ್ಕು ಬೇರೆ, ಅದು 50 ವರ್ಷ. ಮನೆಯ ಕಚೇರಿಯಲ್ಲಿ ಯಾರೋ ಅಭಿಮಾನಿ ಮಾಡಿಕೊಂಡ ರೆಕಾರ್ಡಿಂಗ್ ಆದರೆ ಕಲಾವಿದರ ಕುಟುಂಬದವರನ್ನು ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದೇ ಹಾಕಬೇಕು. ಈ ಕಟ್ಟುಪಾಡು ಪಾಲಿಸುವುದರಲ್ಲಿ ಅವಲಾನ್ ಮತ್ತು ಡಿಸ್ಪೇಸ್ ಒಮೆಕಾಗಿಂತ ಮುಂದಿವೆ.

ನಾಲ್ಕೂ ಸೋಲುವ ಜಾಗ: ಹೆಸರು

ಮೈಸೂರು ಕಡೆಯ ವೀಣೆಯೂ ಧಾರವಾಡ ಕಡೆಯ ಖ್ಯಾಲೂ ಒಂದೇ ಲೈಬ್ರರಿಯಲ್ಲಿ ಇರಬೇಕಾದ ರಾಜ್ಯ ನಮ್ಮದು. ಕರ್ನಾಟಕ ಪದ್ಧತಿಯ ಹಿಂದೋಳಕ್ಕೆ ಹತ್ತಿರದ್ದು ಹಿಂದೂಸ್ತಾನಿಯ ಮಾಲ್‌ಕೌಂಸ್. ಹಿಂದೂಸ್ತಾನಿಯ ಹಿಂಡೋಲ್ ಬೇರೆಯೇ ರಾಗ. ನಮ್ಮ ತೋಡಿಯ ಸ್ವರಗಳು ಅಲ್ಲಿನ ಭೈರವಿಯಲ್ಲಿವೆ, ಅಲ್ಲಿನ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯಲ್ಲಿವೆ. ಹುಡುಕುವ ಪೆಟ್ಟಿಗೆಗೆ ಇದ್ಯಾವುದೂ ಗೊತ್ತಿಲ್ಲ. ಒಮೆಕಾ ಎಸ್‌ನಲ್ಲಿ ರಾಗವೇ ಒಂದು ದಾಖಲೆ ಆಗಿರುವುದರಿಂದ ಅದರೊಳಗೆ ಪದ್ಧತಿ, ಬೇರೆ ಹೆಸರು, ಬೇರೆ ಕಾಗುಣಿತ ಎಲ್ಲ ಒಮ್ಮೆ ಬರೆದಿಟ್ಟರೆ ಆಯಿತು. ಉಳಿದವುಗಳಲ್ಲಿ ಪ್ರತಿ ಸಲವೂ ಬರೆಯುತ್ತಾ ಹೋಗಬೇಕು.

ಕನ್ನಡ ಟೈಪಿಂಗಿನದೇ ಇನ್ನೊಂದು ಕಾಟವಿದೆ. ‘ಮಾಲ್‌ಕೌಂಸ್’ ಎಂದು ಒತ್ತು ಬಿಡಿಸಿ ಟೈಪ್ ಮಾಡಿದಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳುತ್ತದೆ. ‘ಮಾಲ್ಕೌಂಸ್’ ಎಂದು ಹುಡುಕಿದವರಿಗೆ ಅದು ಸಿಗದೇ ಹೋಗಬಹುದು. ಹಳೆಯ ಕ್ಯಾಸೆಟ್ ಪಟ್ಟಿಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಮೊದಲು ಅವನ್ನು ಯುನಿಕೋಡಿಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಲ್ಲಿ ನೋಡಿಯೇ ಸರಿಮಾಡಬೇಕು. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆಯವರು ತಮ್ಮ ‘ದುನಿಯಾ’ ಸಂಗ್ರಹಕ್ಕೆ ಮುಕ್ತ ಸಂಗೀತ ಮಾಹಿತಿಕೋಶವಾದ ಮ್ಯೂಸಿಕ್‌ಬ್ರೇನ್ಸ್‌ನ ದಾಖಲೆಗಳನ್ನು ಬಳಸಿದರು. ಕರ್ನಾಟಕ, ಹಿಂದೂಸ್ತಾನಿ ಎರಡರ ಹೆಸರುಗಳೂ ಅಲ್ಲಿವೆ. ನಾವೂ ಅದರ ಗುರುತಿನ ಸಂಖ್ಯೆಗಳನ್ನು ಜೊತೆಗೆ ಇಟ್ಟುಕೊಂಡರೆ ಮುಂದೆ ಬೇರೆ ಸಂಗ್ರಹಗಳ ಜೊತೆ ಕೂಡಿಸುವುದು ಸಲೀಸು.

ನಾನು ಆರಿಸಿದ್ದು

ಮೂಲ ಧ್ವನಿಯನ್ನು ಈ ಯಾವುದರಲ್ಲೂ ಕೇಳಿಸುವ ಫೈಲಾಗಿ ಹಾಕಬೇಡಿ. ಸಂರಕ್ಷಣೆಗೆ 96 ಕಿಲೋಹರ್ಟ್ಸ್, 24 ಬಿಟ್ ವೇವ್ (ಕುಗ್ಗಿಸದ ಧ್ವನಿ ಫೈಲು) ಮಾಡಿಕೊಂಡರೆ ಸ್ಟೀರಿಯೊ ಒಂದು ಗಂಟೆಗೆ ಸುಮಾರು 2 ಜಿಬಿ. ಎರಡು ಗಂಟೆಯ ಹೊತ್ತಿಗೆ ವೇವ್ ಫೈಲಿನ 4 ಜಿಬಿ ಮಿತಿಯೇ ಹತ್ತಿರವಾಗುತ್ತದೆ. ಕ್ಯಾಸೆಟ್ಟಿನ ಒಂದೊಂದು ಮುಖಕ್ಕೆ ಒಂದೊಂದು ಫೈಲು ಮಾಡುವುದು ಒಳ್ಳೆಯದು. ಅದರ ಎರಡು ಪ್ರತಿ ಎರಡು ಬೇರೆ ಕಟ್ಟಡಗಳಲ್ಲಿರಲಿ. ಕೇಳಲು 192 ಕೆಬಿಪಿಎಸ್ ಎಂಪಿ3 ಸಾಕು, ಗಂಟೆಗೆ 90 ಎಂಬಿ ಒಳಗೇ ಮುಗಿಯುತ್ತದೆ.

ತಾಂತ್ರಿಕ ಸಿಬ್ಬಂದಿ ಕಾಯಂ ಇರುವ ವಿಶ್ವವಿದ್ಯಾಲಯವಾದರೆ ಅವಲಾನ್ ಹಾಕಿ ಎಂದು ಹಿಂಜರಿಯದೆ ಹೇಳುತ್ತೇನೆ. ಆಲಿಸುವ ಪಾಠಕ್ಕೆ ಅದಕ್ಕೆ ಸಾಟಿ ಕಾಣಲಿಲ್ಲ. ನಮ್ಮಂಥ ಸಣ್ಣ ವಿಭಾಗಕ್ಕೆ ನಾನು ಆರಿಸಿದ್ದು ಒಮೆಕಾ ಎಸ್, ಕ್ಯಾಂಪಸ್ ನೆಟ್‌ವರ್ಕಿನ ಒಳಗೆ. ಲೈಬ್ರರಿಯಲ್ಲಿ ಡಿಸ್ಪೇಸ್ ಮೊದಲೇ ಇದ್ದರೆ ಮೂಲ ವೇವ್‌ಗಳನ್ನು ಅಲ್ಲಿ ಬೀಗ ಹಾಕಿ ಇಟ್ಟು, ಅದರ ವಿಳಾಸವನ್ನು ಒಮೆಕಾದ ದಾಖಲೆಯಲ್ಲಿ ಬರೆಯಿರಿ.

ಯಾವುದನ್ನೇ ಆರಿಸಿ, ಪಟ್ಟಿಯನ್ನು ಮೊದಲು ಎಕ್ಸೆಲ್ಲಿನಲ್ಲಿ ಮಾಡಿ. ಹಾಡಿಕೆಗೊಂದು ಸಾಲು. ಕ್ಯಾಸೆಟ್ ಸಂಖ್ಯೆ, ಮುಖ, ಶುರುವಾಗುವ ಮತ್ತು ಮುಗಿಯುವ ಸಮಯ, ರಚನೆ, ರಚನಕಾರ, ರಾಗ, ಪದ್ಧತಿ, ತಾಳ, ಹಾಡಿದವರು, ಪಕ್ಕವಾದ್ಯಕ್ಕೆ ಒಬ್ಬೊಬ್ಬರಿಗೂ ಒಂದೊಂದು ಕಾಲಂ, ಸ್ಥಳ, ವರ್ಷ, ಒಪ್ಪಿಗೆ ಪತ್ರದ ಸಂಖ್ಯೆ. ಒಮೆಕಾ ಎಸ್‌ಗೆ ಇದನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಮಾಡಿ ಒಟ್ಟಿಗೇ ಸೇರಿಸಬಹುದು. ನಾಳೆ ಅವಲಾನ್‌ಗೆ ಹೋಗುವುದಾದರೆ ಆ ಸಮಯದ ಎರಡು ಕಾಲಂಗಳಿಂದಲೇ ಒಳಗಿನ ಗುರುತುಗಳನ್ನು ಹಾಕಿಕೊಳ್ಳಬಹುದು.