ಆ ಪಾಸ್‌ವರ್ಡ್ ಐದು ಜನರ ಕೈಯಲ್ಲಿತ್ತು

ಹಾಸನದಲ್ಲಿ ಹದಿನೇಳು ವರ್ಷದಿಂದ ಸಣ್ಣದೊಂದು ಹೆರಿಗೆ ಮತ್ತು ಸ್ತ್ರೀರೋಗ ಕ್ಲಿನಿಕ್ ನಡೆಸುತ್ತಿದ್ದೇನೆ. ರೋಗಿಗಳ ದಾಖಲೆಯನ್ನು ಕ್ಲೌಡ್ ಸಾಫ್ಟ್‌ವೇರ್‌ಗೆ ಹಾಕಿರುವ, ಇನ್ನು ಮುಂದೆ ಹಾಕಬೇಕು ಅಂದುಕೊಂಡಿರುವ ಡಾಕ್ಟರುಗಳು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನಿಂದ ಆದ ತಪ್ಪು ನಿಮ್ಮಿಂದ ಆಗಬಾರದು.

2025ರ ಅಕ್ಟೋಬರ್. ಹಾಸನಾಂಬೆ ಬಾಗಿಲು ತೆಗೆದಿದ್ದ ದಿನಗಳು. ಊರಿನ ತುಂಬ ಜನ, ಬಸ್ ಸ್ಟ್ಯಾಂಡ್ ಕಡೆ ಕಾಲಿಡಲು ಜಾಗ ಇರಲಿಲ್ಲ. ಹಳೇಬೀಡು ಕಡೆಯ ಹೆಣ್ಣುಮಗಳೊಬ್ಬಳು ಟೋಕನ್ ತೆಗೆದುಕೊಳ್ಳದೆ ನೇರ ನನ್ನ ಕೋಣೆಗೆ ಬಂದಳು. ಮೂರು ವರ್ಷದಿಂದ ನನ್ನಲ್ಲೇ ತೋರಿಸಿಕೊಳ್ಳುತ್ತಿದ್ದವಳು. ಕೂತ್ಕೋಮ್ಮ ಅಂದರೂ ಕೂರಲಿಲ್ಲ. ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ನಿಂತೇ ಕೇಳಿದಳು: "ಮೇಡಂ, ಯಾರ್ಗೂ ಹೇಳಲ್ಲ ಅಂದಿದ್ರಲ್ಲ?"

ಹಿಂದಿನ ದಿನ ಅವಳ ಮೈದುನನಿಗೆ ಒಂದು ಫೋನ್ ಬಂದಿತ್ತು. ಹಾಸನದ ನನ್ನ ಕ್ಲಿನಿಕ್‌ನಿಂದಲೇ ಅಂತ ಹೇಳಿಕೊಂಡು, ಇವಳ ಹೆಸರು, ವಯಸ್ಸು, ಕಳೆದ ಸಲ ಬಂದ ತಾರೀಖು ಎಲ್ಲವನ್ನೂ ಸರಿಯಾಗಿ ಹೇಳಿದ್ದಾರೆ. "ಎರಡು ಸಲ ಅಬಾರ್ಷನ್ ಆಗಿರೋದ್ರಿಂದ ಡಾಕ್ಟ್ರು ಸ್ಪೆಷಲ್ ಟೆಸ್ಟ್ ಬರೆದಿದ್ದಾರೆ, ಇವತ್ತೇ 4,800 ರೂಪಾಯಿ ಕಳಿಸಿ" ಅಂದಿದ್ದಾರೆ. ಮೈದುನ ದುಡ್ಡು ಕಳಿಸಲಿಲ್ಲ, ಅತ್ತೆಯ ಮುಂದೆ ಹೋಗಿ ಕೇಳಿದ. ಎರಡು ಸಲವೂ ಗರ್ಭ ತಾನಾಗಿ ಇಳಿದದ್ದು, ಮನೆಯವರಿಗೆ ಗೊತ್ತಿದ್ದದ್ದು ಒಂದು ಸಲದ್ದು ಮಾತ್ರ. ಎರಡನೆಯದು ತವರಿನಲ್ಲಿದ್ದಾಗ ಆಗಿತ್ತು, ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಮೊದಲ ಸಲ ಬಂದಾಗ ಅವಳ ಹತ್ತಿರ ಫೋನ್ ಇರಲಿಲ್ಲ, ಮೈದುನನ ನಂಬರ್ ಬರೆಸಿದ್ದಳು. ನಾವು ಅದನ್ನು ಯಾವತ್ತೂ ಬದಲಾಯಿಸಿರಲಿಲ್ಲ.

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವಳಿಗೆ ಏನು ಹೇಳಿ ಕಳಿಸಿದೆ ಅನ್ನುವುದೂ ಈಗ ಸರಿಯಾಗಿ ನೆನಪಿಲ್ಲ.

ಆ ವಾರ ಅಂಥ ಇನ್ನೂ ಒಂಬತ್ತು ಫೋನ್‌ಗಳ ವಿಷಯ ಕಿವಿಗೆ ಬಿತ್ತು. ಅರಕಲಗೂಡಿನ ಒಬ್ಬರು 6,500 ರೂಪಾಯಿ ಕಳಿಸಿಯೂಬಿಟ್ಟಿದ್ದರು, ನಮಗೆ ತಿಳಿಸಿದ್ದು ಮಾರನೇ ದಿನ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಅದು ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಆ ಅವಕಾಶ ತೀರಾ ಕಡಿಮೆ.

ಮಾಹಿತಿ ಹೊರಗೆ ಹೋದದ್ದು ಎಲ್ಲಿಂದ? ಸಾಫ್ಟ್‌ವೇರ್ ಕಂಪನಿಗೆ ನಾಲ್ಕು ಮೇಲ್ ಹಾಕಿದ ಮೇಲೆ ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ, ಕಳಿಸಿಕೊಟ್ಟರು. ಮಧ್ಯಾಹ್ನ 2 ಗಂಟೆ 41 ನಿಮಿಷ, ರೋಗಿಗಳ ಇಡೀ ಪಟ್ಟಿ ಎಕ್ಸೆಲ್ ಫೈಲ್ ಆಗಿ ಡೌನ್‌ಲೋಡ್. ಮಾಡಿದವರು ಯಾರು ಅನ್ನುವ ಕಡೆ ನನ್ನದೇ ಹೆಸರಿತ್ತು. ಆ ಹೊತ್ತಿಗೆ ನಾನು ಗ್ಲೌಸ್ ಹಾಕಿಕೊಂಡು ಹೆರಿಗೆ ಕೋಣೆಯಲ್ಲಿದ್ದೆ. ಆ ಮಗು ಹುಟ್ಟಿದ್ದು 2 ಗಂಟೆ 50ಕ್ಕೆ ಅಂತ ನಾನೇ ನನ್ನ ಕೈಯಲ್ಲೇ ಬರೆದಿದ್ದೇನೆ.

ಇದು ಹೇಗಾಯಿತು ಅಂದರೆ, ಕ್ಲಿನಿಕ್‌ನಲ್ಲಿ ಎಲ್ಲರೂ ಬಳಸುತ್ತಿದ್ದದ್ದು ನನ್ನ ಒಂದೇ ಲಾಗಿನ್. ರಿಸೆಪ್ಷನ್ ಹುಡುಗಿ, ಇಬ್ಬರು ಸಿಸ್ಟರ್‌ಗಳು, ಲ್ಯಾಬ್ ಹುಡುಗ, ನಾನು. ಬೇರೆ ಬೇರೆ ಲಾಗಿನ್ ಬೇಕಾದರೆ ಪ್ರತಿಯೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಹೆಚ್ಚಿಗೆ ಕಟ್ಟಬೇಕಿತ್ತು, ಬೇಡ ಅಂದಿದ್ದೆ. ಒಟಿಪಿ ವ್ಯವಸ್ಥೆ ಮೊದಲು ಇತ್ತು. ಅದು ನನ್ನ ಫೋನಿಗೆ ಬರುತ್ತಿತ್ತು. ನಾನು ಒಳಗೆ ಹೆರಿಗೆ ಮಾಡಿಸುತ್ತಿದ್ದರೆ ಹೊರಗೆ ಬಿಲ್ಲು ನಿಲ್ಲುತ್ತಿತ್ತು, ಸಿಸ್ಟರ್ ಬಂದು "ಮೇಡಂ, ಒಟಿಪಿ" ಅನ್ನುತ್ತಿದ್ದರು. ಬೇಸತ್ತು ಕಂಪನಿಗೆ ಫೋನ್ ಮಾಡಿ ತೆಗೆಸಿದವಳು ನಾನೇ. ಅಮೆರಿಕದಲ್ಲಿ 2024ರ ಫೆಬ್ರವರಿಯಲ್ಲಿ ಚೇಂಜ್ ಹೆಲ್ತ್‌ಕೇರ್ ಅನ್ನುವ ದೊಡ್ಡ ಸಂಸ್ಥೆಗೆ ಕಳ್ಳರು ನುಗ್ಗಿದ್ದು ಇಂಥದ್ದೇ ಬಾಗಿಲಿನಿಂದ: ಕದ್ದ ಪಾಸ್‌ವರ್ಡ್, ಅದರ ಹಿಂದೆ ಎರಡನೇ ತಪಾಸಣೆ ಇಲ್ಲ. ಅಲ್ಲಿ 19 ಕೋಟಿ ಜನರ ಮಾಹಿತಿಗೆ ಕುತ್ತು ಬಂತು.

ರಿಸೆಪ್ಷನ್ ಹುಡುಗಿ ದೇವಿಯ ದರ್ಶನಕ್ಕೆ ಅಂತ ಆ ದಿನ ರಜೆ ಹಾಕಿದ್ದಳು. ಅವಳ ಬದಲಿಗೆ ಕೂತವಳಿಗೆ ಕೆಲಸ ಹೊಸತು. "ಸಾಫ್ಟ್‌ವೇರ್ ಕಂಪನಿಯಿಂದ, ಅಪ್‌ಡೇಟ್ ಇದೆ" ಅಂತ ಒಬ್ಬ ಫೋನ್ ಮಾಡಿದ. ಕಂಪನಿಯ ಹೆಸರು, ನನ್ನ ಹೆಸರು ಎರಡೂ ಅವನಿಗೆ ಗೊತ್ತಿತ್ತು. ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಆ್ಯಪ್ ಹಾಕಿಸಿದ. ಪಾಸ್‌ವರ್ಡ್ ಬ್ರೌಸರ್‌ನಲ್ಲೇ ಸೇವ್ ಆಗಿದ್ದರಿಂದ ಕೇಳುವ ಅಗತ್ಯವೂ ಬೀಳಲಿಲ್ಲ. "ಮೌಸ್ ತಾನಾಗೇ ಓಡಾಡ್ತಿತ್ತು ಮೇಡಂ, ಅವ್ರು ಅಪ್‌ಡೇಟ್ ಮಾಡ್ತಾ ಇದಾರೆ ಅಂದ್ಕೊಂಡು ನೋಡ್ತಾ ಕೂತಿದ್ದೆ" ಅಂತ ಆ ಮಗು ಅಳುತ್ತಾ ಹೇಳಿತು. ನಾನು ಅವಳನ್ನು ಬೈಯಲಿಲ್ಲ. ಇಂಥ ಫೋನ್ ಬಂದರೆ ಏನು ಮಾಡಬೇಕು ಅಂತ ಯಾರಿಗೂ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್ ಅನ್ನುವ, ದಾಖಲೆಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಿದ್ದು, ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲೇ ಬರೆದು ನಡೆಸಿದ ಸುದ್ದಿ ಓದಿದ್ದೆ. ನಮ್ಮದು ಕ್ಲೌಡ್‌ನಲ್ಲಿದೆ, ಸರ್ವರ್ ನೋಡಿಕೊಳ್ಳುವವರು ಬೇರೆ ಇದ್ದಾರೆ, ನಮಗೆ ಆ ಭಯ ಇಲ್ಲ ಅಂತ ನೆಮ್ಮದಿಯಾಗಿದ್ದೆ. ಕಂಪನಿಯ ಸರ್ವರ್‌ಗೆ ಆ ದಿನವೂ ಏನೂ ಆಗಲಿಲ್ಲ. ಕಳ್ಳ ಬೀಗ ಒಡೆಯಲಿಲ್ಲ, ನನ್ನ ಬೀಗದ ಕೈಯಿಂದಲೇ ತೆಗೆದುಕೊಂಡು ಹೋದ.

ನನ್ನನ್ನು ಇವತ್ತಿಗೂ ಕಾಡುವುದು ಒಂದೇ. ಗರ್ಭಪಾತದ ಕಾನೂನಿನ ಪ್ರಕಾರ ಅಡ್ಮಿಷನ್ ರಿಜಿಸ್ಟರ್ ರಹಸ್ಯ ದಾಖಲೆ. ಗರ್ಭಪಾತ ಮಾಡಿಸಿಕೊಂಡವಳ ಹೆಸರು ಬೇರೆ ಯಾವ ಕೇಸ್ ಶೀಟಿನಲ್ಲೂ ಬರಬಾರದು, ಸೀರಿಯಲ್ ನಂಬರ್ ಮಾತ್ರ ಬರೆಯಬೇಕು. ಐದು ವರ್ಷ ಅದನ್ನು ಜೋಪಾನ ಮಾಡಬೇಕು. ನನ್ನ ರಿಜಿಸ್ಟರ್ ಗೋದ್ರೇಜ್ ಬೀರುವಿನ ಒಳಗಿನ ಡ್ರಾದಲ್ಲಿದೆ, ಬೀಗದ ಕೈ ನನ್ನ ಸೊಂಟದ ಗೊಂಚಲಿನಲ್ಲಿದೆ. ಸಿಸ್ಟರ್‌ಗಳೂ ಅದನ್ನು ಮುಟ್ಟುವುದಿಲ್ಲ. ಆ ರಿಜಿಸ್ಟರ್‌ನಲ್ಲಿರುವ ಒಬ್ಬಳ ಹೆಸರೂ ಹೊರಗೆ ಹೋಗಲಿಲ್ಲ. ಕಾಗದಕ್ಕೆ ಅಷ್ಟು ಕಾವಲು ಇಟ್ಟ ನಾನು ತಾನಾಗಿ ಗರ್ಭ ಇಳಿದದ್ದು, ಮಕ್ಕಳಾಗದ್ದಕ್ಕೆ ಚಿಕಿತ್ಸೆ, ಗಂಡನಿಂದ ಬಂದ ಸೋಂಕು ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿ ಐದು ಜನರಿಗೆ ಬೀಗದ ಕೈ ಕೊಟ್ಟಿದ್ದೆ.

ಕಂಪನಿಯವರು ಒಪ್ಪಂದದ ಕಾಗದ ತೋರಿಸಿದರು. ಗ್ರಾಹಕರ ಲಾಗಿನ್‌ನಿಂದ ಆದದ್ದಕ್ಕೆ ತಾವು ಹೊಣೆಯಲ್ಲ ಅಂತ ಬರೆದಿತ್ತು, ಸಹಿ ನನ್ನದೇ. ವಕೀಲರ ಹತ್ತಿರ ಹೋದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅವರು ನನ್ನ ಮುಂದೆ ಓದಿದರು. ಒಪ್ಪಂದದಲ್ಲಿ ಏನೇ ಬರೆದಿರಲಿ, ಮಾಹಿತಿಯನ್ನು ಪಡೆದುಕೊಂಡವರೇ ಅದಕ್ಕೆ ಹೊಣೆ, ಬೇರೆಯವರ ಕೈಯಲ್ಲಿ ಇಡಿಸಿದರೂ ಅಷ್ಟೇ. ಅಂದರೆ ಕ್ಲಿನಿಕ್. ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಇದಲ್ಲದೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು ಅಂತ 2022ರಿಂದಲೇ ನಿರ್ದೇಶನ ಇದೆ. ನನಗೆ ಗೊತ್ತೇ ಇರಲಿಲ್ಲ. ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಟ್ಟದ್ದೇ ನಾಲ್ಕನೇ ದಿನ.

ತನಿಖೆ ಮುಗಿಯುವವರೆಗೆ ಅಂತ ಕಂಪನಿ ನಮ್ಮ ಖಾತೆಯನ್ನೇ ಐದು ದಿನ ನಿಲ್ಲಿಸಿತು. ನನ್ನ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಏಳು ತಿಂಗಳ ಬಸುರಿಯೊಬ್ಬಳು ಬಂದಳು. ಅವಳದು ನೆಗೆಟಿವ್ ರಕ್ತ, ಅಂಥವರಿಗೆ ಮಗುವಿನ ರಕ್ಷಣೆಗಾಗಿ ಕೊಡುವ ಆಂಟಿ-ಡಿ ಇಂಜೆಕ್ಷನ್ ಕೊಟ್ಟಾಗಿದೆಯೋ ಇಲ್ಲವೋ ನೋಡಲು ಸ್ಕ್ರೀನ್ ಖಾಲಿ. ಅವಳು ಪ್ಲಾಸ್ಟಿಕ್ ಕವರ್ ಬಿಚ್ಚಿ ಅಂಚು ಹರಿದ ತಾಯಿ ಕಾರ್ಡ್ ತೆಗೆದುಕೊಟ್ಟಳು. ಅದರಲ್ಲಿ ಬರೆದಿತ್ತು. ಆಶಾ ಕಾರ್ಯಕರ್ತೆ "ಹೋದಲ್ಲೆಲ್ಲಾ ಇಟ್ಕೊಂಡೋಗವ್ವ" ಅಂದಿದ್ದರಂತೆ. ಆ ತಾಯಿಗೆ ನಾನು ಋಣಿ.

ಈಗ ಪ್ರತಿಯೊಬ್ಬರಿಗೂ ಬೇರೆ ಲಾಗಿನ್. ರಿಸೆಪ್ಷನ್‌ನವರಿಗೆ ಹೆಸರು, ಟೋಕನ್, ಬಿಲ್ಲು ಕಾಣುತ್ತದೆ, ಕಾಯಿಲೆ ಕಾಣುವುದಿಲ್ಲ. ಪಟ್ಟಿ ಡೌನ್‌ಲೋಡ್ ಮಾಡುವ ಅಧಿಕಾರ ನನಗೊಬ್ಬಳಿಗೇ. ಅವರವರ ಒಟಿಪಿ ಅವರವರ ಫೋನಿನಲ್ಲೇ, ಹಾಗಾಗಿ ಬಿಲ್ಲು ನಿಲ್ಲುವುದೂ ಇಲ್ಲ. ಇದನ್ನು ಮೊದಲೇ ಮಾಡಬಹುದಿತ್ತು. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಮುಚ್ಚುತ್ತೇನೆ. ಕಂಪನಿಯವರು ಅಂತ ಯಾರೇ ಫೋನ್ ಮಾಡಲಿ, ಇಟ್ಟುಬಿಟ್ಟು ಬಿಲ್ಲಿನಲ್ಲಿರುವ ನಂಬರಿಗೆ ನಾವೇ ತಿರುಗಿ ಮಾಡಬೇಕು ಅಂತ ಕಂಪ್ಯೂಟರ್ ಪಕ್ಕದ ಗೋಡೆಗೇ ಅಂಟಿಸಿದ್ದೇನೆ. ತಿಂಗಳಿಗೊಮ್ಮೆ ಪೂರ್ತಿ ದಾಖಲೆಯನ್ನು ಪಾಸ್‌ವರ್ಡ್ ಹಾಕಿದ ಹಾರ್ಡ್ ಡಿಸ್ಕ್‌ಗೆ ಇಳಿಸಿ ಅದೇ ಬೀರುವಿನಲ್ಲಿಡುತ್ತೇನೆ. ಶನಿವಾರ ಸಂಜೆ ಹತ್ತು ನಿಮಿಷ ಕೂತು ಲಾಗ್ ನೋಡುತ್ತೇನೆ. ನೀವು ಸಾಫ್ಟ್‌ವೇರ್ ತೆಗೆದುಕೊಳ್ಳುವಾಗ ಚಂದದ ಸ್ಕ್ರೀನ್ ನೋಡಿ ಮರುಳಾಗಬೇಡಿ. ಸೋರಿಕೆಯಾದರೆ ಎಷ್ಟು ಗಂಟೆಯಲ್ಲಿ ತಿಳಿಸುತ್ತೀರಿ, ಖಾತೆ ನಿಂತರೆ ನನ್ನ ದಾಖಲೆ ನನಗೆ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೊಡುತ್ತೀರಿ ಅಂತ ಕೇಳಿ ಬರೆಸಿಕೊಳ್ಳಿ. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ, ಕಂಪನಿ ಬಾಗಿಲು ಹಾಕಿತ್ತು ಅಂದರೆ ನಡೆಯುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಹೊಸದಾಗಿ ಬಂದ ಪ್ರತಿ ಹೆಣ್ಣುಮಗಳನ್ನೂ ನಾನೇ ಕೇಳುತ್ತೇನೆ, ಗಂಡನನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ: "ಈ ನಂಬರ್ ಯಾರ್ದಮ್ಮ? ಇದಕ್ಕೆ ಫೋನ್ ಮಾಡಿದ್ರೆ ನಿಂಗೇನೂ ತೊಂದ್ರೆ ಇಲ್ವಾ?" ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಬೇರೆ ನಂಬರ್ ಹೇಳುತ್ತಾರೆ.

ಹಳೇಬೀಡು ಕಡೆಯವಳು ಮತ್ತೆ ಬಂದಿಲ್ಲ. ಮಿಕ್ಕವರಿಗೆಲ್ಲ ನಾನೇ ಫೋನ್ ಮಾಡಿ, ಆದದ್ದು ಹೇಳಿ ಕ್ಷಮೆ ಕೇಳಿದೆ. ಅವಳ ಫೈಲಿನಲ್ಲಿರುವುದು ಇನ್ನೂ ಮೈದುನನ ನಂಬರೇ. ಅದಕ್ಕೆ ನಾನು ಫೋನ್ ಮಾಡುವಂತಿಲ್ಲ.