ಫೆಡೋರಾದಲ್ಲಿ ಎರಡೆರಡು ಪಾಸ್‌ವರ್ಡ್: ಆಟೋ ಲಾಗಿನ್ನೋ, ಟಿಪಿಎಂ ಚಿಪ್ಪೋ?

ಫೆಡೋರಾ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿದ್ದರೆ), ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಡಿಸ್ಕಿನ ಪಾಸ್‌ವರ್ಡ್, ಆಮೇಲೆ ಲಾಗಿನ್‌ದು. ಒಂದನ್ನು ಬಿಡಬಹುದು. ಯಾವುದನ್ನು?

ಸುಲಭದ್ದು ಆಟೋ ಲಾಗಿನ್, ಅಂದರೆ ಲಾಗಿನ್ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವುದು. ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್, ಅಷ್ಟೇ. ಆದರೆ ಬ್ರೌಸರ್ ತೆರೆದಾಗ ಕೀರಿಂಗ್ (ಉಳಿಸಿದ ಪಾಸ್‌ವರ್ಡ್‌ಗಳ ಪೆಟ್ಟಿಗೆ) ಮತ್ತೆ ಪಾಸ್‌ವರ್ಡ್ ಕೇಳಬಹುದು. ಕೀರಿಂಗ್‌ನ ಪಾಸ್‌ವರ್ಡನ್ನು ಬದಲಿಸಿ ಖಾಲಿ ಬಿಟ್ಟರೆ ಕೇಳುವುದಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ ಮಾತ್ರ ದಯವಿಟ್ಟು ಹಾಗೆ ಮಾಡಬೇಡಿ, ಒಳಗಿನ ಪಾಸ್‌ವರ್ಡ್‌ಗಳೆಲ್ಲ ಬಯಲಾಗುತ್ತವೆ.

ಇನ್ನೊಂದು ದಾರಿ ಟಿಪಿಎಂ, ಅಂದರೆ ಕಂಪ್ಯೂಟರಿನೊಳಗೆ ಕೀಲಿಗಳನ್ನು ಕಾಯುವ ಭದ್ರತಾ ಚಿಪ್. ಅದು ಇದ್ದು ಹೊಂದಿಸಿಕೊಂಡರೆ ಡಿಸ್ಕನ್ನು ಅದೇ ತೆರೆಯುತ್ತದೆ. ಲಾಗಿನ್ ಉಳಿಯುತ್ತದೆ, ಕೀರಿಂಗ್ ಕೂಡ ಅದರ ಜೊತೆಗೇ ತೆರೆಯುತ್ತದೆ. ಖರ್ಚಿಲ್ಲ, ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕೆಲಸ ಜಾಸ್ತಿ. ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಓಡಲು ಬಿಡುವ ವ್ಯವಸ್ಥೆ) ಸೆಟ್ಟಿಂಗ್ ಬದಲಾದರೆ ಚಿಪ್ ಕೈಕೊಡಬಹುದು, ಹಳೇ ಡಿಸ್ಕ್ ಪಾಸ್‌ವರ್ಡ್ ಅಳಿಸಬೇಡಿ.

ಒಬ್ಬರೇ ಬಳಸುವ, ಬಸ್ಸು ರೈಲಿನಲ್ಲಿ ಓಡಾಡುವ ಲ್ಯಾಪ್‌ಟಾಪಿಗೆ ಆಟೋ ಲಾಗಿನ್ ಸಾಕು: ಆಫ್ ಆಗಿದ್ದಾಗ ಕಳುವಾದರೂ ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ತೆರೆಯದು. ಮನೆಮಂದಿಯೆಲ್ಲ ಬಳಸುವ ಡೆಸ್ಕ್‌ಟಾಪಿಗೆ ಟಿಪಿಎಂ ಸರಿ, ಒಬ್ಬೊಬ್ಬರ ಲಾಗಿನ್ ಬೇರೆ ಇರಬೇಕಲ್ವಾ?